ಪಟ್ಟಿ

ರಾಯಚೂರಿನ ತೀನ್ ಕಂದೀಲಿನ ಹತ್ತಿರ ನನ್ನ ಜೆರಾಕ್ಸ್ ಅಂಗಡಿ.
ಹಗಲೆಲ್ಲ ಊರಿನ ಆಧಾರ್, ಪಹಣಿ, ಸಾಲದ ಕಾಗದ
ಗಾಜಿನ ಮೇಲೆ ಬೋರಲು ಮಲಗುತ್ತವೆ.
ಬೆಳಕು ಒಮ್ಮೆ ಹಾಯುತ್ತದೆ. ನಾನು ಓದುವುದಿಲ್ಲ.
ಓದದೆ ಇರುವುದೂ ಒಂದು ಕಸುಬು,
ಹದಿನೆಂಟು ವರ್ಷಕ್ಕೆ ಕೈಗೆ ಹತ್ತಿತು.

ರಾತ್ರಿ ಬೇರೆ ಕೆಲಸ. ಫೋನು ಬರುತ್ತದೆ:
"ಅಕ್ಕಾ, ರಿಮ್ಸಿನಾಗ ಹೆರಿಗಿ ಕೇಸು, ಬಿ ನೆಗೆಟಿವ್, ಎರಡು ಬಾಟ್ಲಿ."
ರಕ್ತ ಕೊಡುವವರ ಪಟ್ಟಿ ನನ್ನ ಹತ್ತಿರ ಇಲ್ಲ.
ಇರುವುದು ಆರು ನಂಬರು, ಆರು ಊರು.

ಮಾನ್ವಿಯ ಖಾಜಾಬಿ ಬ್ಲೌಸಿನ ಅಳತೆ ಬರೆಯುವ ವಹಿಯನ್ನೇ
ಹಿಂದಿನಿಂದ ಶುರುಮಾಡಿ ಗುಂಪುಗಳನ್ನು ಬರೆದಿಟ್ಟಿದ್ದಾಳೆ.
ಮಸ್ಕಿಯ ಮೌಲಾಸಾಬ, ಟ್ರಾಕ್ಟರ್ ಮೆಕ್ಯಾನಿಕ್. ಅವನ ವಹಿ ಅವನ ತಲೆ.
ಮುದಗಲ್ಲಿನ ಇನಾಸಪ್ಪ ಭಾನುವಾರ ಪೂಜೆ ಮುಗಿಯುವವರೆಗೆ ಎತ್ತುವುದಿಲ್ಲ,
ಹಟ್ಟಿಯ ಅಮರೇಗೌಡ ರಾತ್ರಿ ಪಾಳಿಗೆ ಗಣಿಗಿಳಿದರೆ ಸಿಗುವುದಿಲ್ಲ.
ದೇವದುರ್ಗದ ಹುಲಿಗೆವ್ವನ ಉತ್ತರ ಎರಡೇ: ಅದ. ಇಲ್ಲ.
ಸಿಂಧನೂರಿನ ಕಂಪೌಂಡರ್ ಸೋಮಯ್ಯನಿಗೆ ಮಾತು ಬಹಳ,
ಹೆಸರೊಂದು ಬಿಟ್ಟು ಎಲ್ಲ ಹೇಳುತ್ತಾನೆ.

ನಾನು ಇವರನ್ನು ಕೇಳುತ್ತೇನೆ. ಇವರು ತಮ್ಮವರನ್ನು.
ಯಾರನ್ನು, ಹೇಗೆ ಎಂಬುದು
ಅವರವರ ಹೊಸ್ತಿಲ ಒಳಗಿನ ಮಾತು.

ಮೊದಲು ಹೀಗಿರಲಿಲ್ಲ. ಮೊದಲು ಎಲ್ಲ ನಾನೇ ಬರೆಸಿಕೊಂಡು
ಮುನ್ನೂರ ಹನ್ನೊಂದು ಹೆಸರು, ನಂಬರು, ಓಣಿ,
ನನ್ನ ಮಷೀನಿನಲ್ಲೇ ನಲವತ್ತು ಪ್ರತಿ ತೆಗೆದು
ಆಸ್ಪತ್ರೆ ಗೋಡೆಗಳಿಗೆ ಅಂಟಿಸಿದ್ದೆ, ಹೆಮ್ಮೆಯಿಂದ.
ಎಂಟನೇ ದಿನ ಖಾಜಾಬಿ ಬಂದಳು. ಕೂರಲಿಲ್ಲ.
"ನಮ್ಮೋಣಿ ಹುಡುಗಿಗೆ ನಡುರಾತ್ರಿ ಫೋನು ಬರ್ತಾವ್ರಿ.
ರಕ್ತ ಕೇಳಾಕಲ್ಲ."
ಹುಡುಗಿ ಸಿಮ್ ಮುರಿದು ಎಸೆದಿದ್ದಳು. ಕಾಲೇಜೂ ನಿಂತಿತ್ತು.
ಗೋಡೆ ಗೋಡೆ ಕೆರೆದೆ, ಉಗುರಿನಿಂದ.
ಮೂವತ್ತೇಳು ಸಿಕ್ಕವು.
ಉಳಿದ ಮೂರು ಇನ್ನೂ ಎಲ್ಲೋ ಇವೆ.

ಈಗ ಕಚೇರಿಯವನೊಬ್ಬ ಬರುತ್ತಾನೆ. ಒಳ್ಳೆಯವನೇ.
"ಆರೂ ವಹಿ ಕೊಡಿಸಿ ಮೇಡಂ, ಒಂದೇ ಕಡೆ ಹಾಕೋಣ.
ಒಂದು ಗುಂಡಿ ಒತ್ತಿದರೆ ಇಡೀ ಜಿಲ್ಲೆ ಕಣ್ಣ ಮುಂದೆ."
ಯಾರ ಕಣ್ಣು ಎಂದು ಕೇಳಿದೆ. ಬರೆದುಕೊಂಡ.
ಮೌಲಾಸಾಬನ ವಹಿ ಬೇಕೆಂದರೆ ತಲೆಯನ್ನೇ ಒಯ್ಯಬೇಕು ಎಂದೆ.
ಅದನ್ನೂ ಬರೆದುಕೊಂಡ.

ಅವನು ಹೇಳುವುದು ಸುಳ್ಳಲ್ಲ.
ಹೋದ ಕಾರಹುಣ್ಣಿಮೆಯ ರಾತ್ರಿ ಒಬ್ಬ ಲಾರಿ ಕ್ಲೀನರ್, ಓ ನೆಗೆಟಿವ್.
ಹುಲಿಗೆವ್ವ ಅಂದಳು: "ಒಬ್ಬರು ಅದಾರ. ಇವತ್ತು ಬರಂಗಿಲ್ಲ."
ಯಾಕೆಂದು ಕೇಳಲಿಲ್ಲ. ಕೇಳಬಾರದೆಂಬುದು ನಾನೇ ಕೊಟ್ಟ ಮಾತು.
ನಾಲ್ಕೂವರೆಗೆ ಅಮರೇಗೌಡ ಗಣಿಯಿಂದ ಮೇಲೆ ಬಂದ, ಫೋನು ನೋಡಿದ,
ತನ್ನವನೊಬ್ಬನನ್ನು ಬೈಕಿಗೆ ಹತ್ತಿಸಿಕೊಂಡು ಹೊರಟ.
ಅವರು ಕವಿತಾಳ ದಾಟುವಷ್ಟರಲ್ಲಿ
ತಿರುಗಿ ಹೋಗಿ ಎಂದೆ.
ಸ್ಟ್ರೆಚರಿನ ಕೆಳಗೆ ಆ ಹುಡುಗನ ಚಪ್ಪಲಿ,
ಒಂದಕ್ಕೆ ಸೇಫ್ಟಿ ಪಿನ್ನು ಚುಚ್ಚಿತ್ತು.
ಒಂದೇ ಪಟ್ಟಿ ಇದ್ದಿದ್ದರೆ?
ಶಟರ್ ಎಳೆಯುವಾಗ ದಿನಾ ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲ.

ಆ ಹೆರಿಗೆ ಕೇಸು ಉಳಿಯಿತು.
ಬಾಟ್ಲಿ ಏರಿಸಿದ ಮೇಲೆ ಮಾವ ನನ್ನನ್ನು ಹೊರಗೆ ಕರೆದು, ಮೆಲ್ಲಗೆ:
"ಕೊಟ್ಟೋರು ಯಾರ ಪೈಕಿರಿ?"
"ಬಿ ನೆಗೆಟಿವ್ ಪೈಕಿ."
ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ನಾವೂ ಅದೇನ್ರಿ?"
"ನಿಮ್ಮ ಸೊಸಿ ಅದೇ."

ಮೊನ್ನೆ ಮಾನ್ವಿ ಬಸ್ಸಿನಲ್ಲಿ
ಪಕ್ಕದವಳು ಟಿಕೆಟಿಗೆ ಕೈ ಚಾಚಿದಾಗ ತೋಳು ಸರಿಯಿತು:
ಮೊಣಕೈ ಮಡಿಕೆಯಲ್ಲಿ ಹತ್ತಿ,
ಹತ್ತಿಯ ಮೇಲೆ ಅಂಟಿಸಿದ ಪಟ್ಟಿ.
ಕಾಗದವನ್ನು ಗಾಜಿನ ಮೇಲೆ ಬೋರಲು ಹಾಕುವಂತೆ
ಮುಖವನ್ನು ಕಿಟಕಿಯ ಕಡೆ ಹಾಕಿದೆ.
ಕಲ್ಲೂರು ಬಂತು. ಯಾರೋ ಇಳಿದರು.